ಓಣಿ ದಾಟಿದ ಫ್ರಿಜ್

ಗೌಹರಬೇಗಂ ಅವರ ಫ್ರಿಜ್ಜು ಓಣಿ ದಾಟಿ ಪರಿಮಳಾಳ ಮನೆಗೆ ಬಂದದ್ದು ಫೆಬ್ರುವರಿಯ ಒಂದು ಸೋಮವಾರ ಬೆಳಿಗ್ಗೆ, ಅವಳು ನೆಲ ಸಾರಿಸಿ ಇನ್ನೇನು ಕೈ ತೊಳೆಯಬೇಕು ಎನ್ನುವಾಗ. ಹೊತ್ತವರು ನಾಲ್ಕು ಜನ, ದಾರಿ ಹೇಳುವವರು ಇಡೀ ಓಣಿ. ಒಳಗಿದ್ದ ಮೊಸರಿನ ಪಾತ್ರೆ ತೆಗೆದಿಡಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಹೊಸ್ತಿಲ ಬಳಿ ಫ್ರಿಜ್ಜು ವಾಲಿತು, ಬಾಗಿಲ ಸಂದಿಯಿಂದ ಮೊಸರು ಇಳಿಯಿತು, ಹಸಿ ನೆಲದ ಮೇಲೆ ಹೊಸ್ತಿಲಿಂದ ಗೋಡೆಯವರೆಗೆ ಬೆಳ್ಳಗೆ ಒಂದು ಗೆರೆ ಎಳೆದುಕೊಂಡಿತು.

ಪರಿಮಳಾ ಯಾರನ್ನೂ ಬೈಯಲಿಲ್ಲ. ಬಟ್ಟೆ ತಂದು ಮತ್ತೆ ಒರೆಸಿದಳು. ಅವಳ ಅತ್ತೆ ಮರಿಲಿಂಗಮ್ಮ ಕಟ್ಟೆಯ ಮೇಲೆ ಕುಳಿತು, ಫ್ರಿಜ್ಜು ಒಳಗೆ ಬರುವವರಿಗೆ ಎದುರಿಗೇ ಕಾಣಬೇಕೆಂದು ಹೊತ್ತವರ ಕೈಯಿಂದ ಅದರ ಜಾಗವನ್ನು ಎರಡು ಸಲ ಬದಲಿಸಿದಳು. ಅದರ ಪಕ್ಕಕ್ಕೆ ಕಿರಾಣಿ ಅಂಗಡಿಯ ಹಂಪಣ್ಣನ ಕೂಲರು ಬಂದು ನಿಂತಿತು. ಬಾಗಿಲಲ್ಲಿ ಯಾರದೋ ಬೈಕು. ಮನೆಯಲ್ಲಿದ್ದ ಒಂದೇ ಪ್ಲಗ್ಗಿಗೆ ಕೂಲರಿನ ವೈರು ಹೋದ್ದರಿಂದ ಫ್ರಿಜ್ಜಿಗೆ ಕರೆಂಟಿಲ್ಲ. ಅದಕ್ಕೆ ಮರಿಲಿಂಗಮ್ಮ ಮೊಮ್ಮಗಳು ಪಂಚಶೀಲಾಳಿಗೆ, ಬಂದವರು ಹೋಗುವ ತನಕ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿರಬೇಕೆಂದು ಹೇಳಿಟ್ಟಳು.

"ಬರೇ ಸಂಜೀತನಕ ನೋಡು ಬೇಟಿ," ಎಂದರು ಗೌಹರಬೇಗಂ, ತಮ್ಮ ಫ್ರಿಜ್ಜನ್ನು ಸೆರಗಿನಿಂದ ಒರೆಸುತ್ತಾ. "ನಾಳಿದ್ದಿಂದ ರೋಜಾ ಉಪಾಸ ಶುರು ಆಗ್ತಾವ. ತಣ್ಣನ ನೀರಿಲ್ಲಂದ್ರ ನಮ್ಮ ಮನ್ಯಾಗ ಜಗಳ ಹತ್ತತಾವ."

ಬಳಿಚಕ್ರದ ಆ ಓಣಿಯಲ್ಲಿ ಇದೇನೂ ಹೊಸದಲ್ಲ. ಯಾರ ಮನೆಗಾದರೂ ಹೆಣ್ಣು ನೋಡಲೋ ಗಂಡು ನೋಡಲೋ ಬರುತ್ತಾರೆಂದರೆ ಓಣಿಯ ಒಳ್ಳೊಳ್ಳೆಯ ಸಾಮಾನುಗಳೆಲ್ಲ ಆ ಮನೆಗೆ ನಡೆದು ಹೋಗುತ್ತವೆ. ಪರಿಮಳಾಳಿಗೇ ಇದರ ರುಚಿ ಗೊತ್ತು. ಅವಳ ಅಪ್ಪ ಸುರಪುರದ ಕಡೆಯಿಂದ ಈ ಮನೆ ನೋಡಲು ಬಂದಾಗ ಮೂಲೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ಅಲಮಾರಿಯಿತ್ತು, ಬಾಗಿಲಿಗೆ ಆಳೆತ್ತರದ ಕನ್ನಡಿ. ಕನ್ನಡಿಯಿರುವ ಮನೆ ಎಂದು ಅಪ್ಪ ಊರಿಗೆ ಹೋಗಿ ಹೊಗಳಿದ್ದೇ ಹೊಗಳಿದ್ದು. ಮದುವೆಯಾಗಿ ಬಂದು ನೋಡಿದರೆ ಆ ಮೂಲೆಯಲ್ಲಿ ಜೋಳದ ಚೀಲ. ಅಲಮಾರಿ ಹಂಪಣ್ಣನದು. ಹಂಪಣ್ಣನ ಹೆಂಡತಿ ಒಳ್ಳೆಯವಳು. ಮದುಮಗಳಿಗೆ ಬೇಜಾರಾಗಬಾರದೆಂದು, ಸೀರೆ ಉಟ್ಟು ನೋಡಿಕೊಳ್ಳಲು ನಮ್ಮ ಮನೆಗೇ ಬಾ ಎಂದಿದ್ದಳು. ಮೊದಲ ವರ್ಷ ಪರಿಮಳಾ ಹಬ್ಬಕ್ಕೊಮ್ಮೆ ಅಲ್ಲಿಗೆ ಹೋಗಿ ತನ್ನನ್ನು ತಾನು ಪೂರ್ತಿ ನೋಡಿ ಬರುತ್ತಿದ್ದಳು.

ರೇಷನ್ ಕಾರ್ಡಿನ ವಿಚಾರಣೆಗೆ ಸರಕಾರದವರು ಬಂದಾಗ ಇದೇ ಸಾಮಾನುಗಳು ಉಲ್ಟಾ ನಡೆಯುತ್ತಿದ್ದವು. ಆಗ ಬೈಕುಗಳು ಊರಾಚೆಯ ಬೇವಿನ ಮರದ ಕೆಳಗೆ, ಟೀವಿಗಳು ಕೌದಿಯ ಕೆಳಗೆ.

ಈ ಸಲ ಬರುತ್ತಿದ್ದವರು ಎರಡೂ ಅಲ್ಲ. ಯಾದಗಿರಿಯ ಹೊರವಲಯದ ದೊಡ್ಡ ಖಾಸಗಿ ಶಾಲೆಯವರು. ಅದರ ಉದ್ದನೆಯ ಇಂಗ್ಲಿಷ್ ಹೆಸರು ಯಾರ ಬಾಯಿಗೂ ಸರಿಯಾಗಿ ಬರದ ಕಾರಣ ಊರವರು ಅದನ್ನು ಎ.ಸಿ. ಸಾಲಿ ಎನ್ನುತ್ತಿದ್ದರು. ಕೋಣೆಗಳಿಗೆ ಎ.ಸಿ., ಬಸ್ಸಿಗೂ ಎ.ಸಿ. ಆ ಬಸ್ಸಿನ ಕಿಟಕಿಗಳು ತೆರೆಯುವುದೇ ಇಲ್ಲವೆಂದು ನೋಡಿದವರು ಹೇಳುತ್ತಿದ್ದರು.

ಪಂಚಶೀಲಾ ಓದುತ್ತಿದ್ದದ್ದು ಊರಿನ ಸರಕಾರಿ ಶಾಲೆಯಲ್ಲಿ, ಏಳನೆಯ ತರಗತಿ. ಹಳೆಯ ಕೋಣೆಯ ಛಾವಣಿ ಬಿರುಕು ಬಿಟ್ಟಾಗ ಸದ್ಯಕ್ಕೆಂದು ತಗಡು ಹೊದಿಸಿದ್ದರು. ಆ ಸದ್ಯ ಇನ್ನೂ ಮುಗಿದಿರಲಿಲ್ಲ. ಫೆಬ್ರುವರಿ ಅರ್ಧ ಕಳೆದರೆ ಸಾಕು, ಬಿಸಿಲು ಏರುತ್ತಿದ್ದಂತೆ ತಗಡು ಟಕಟಕ ಸದ್ದು ಮಾಡುತ್ತಾ ಹಿಗ್ಗತೊಡಗುತ್ತದೆ; ಫರ್ಹತ ಟೀಚರು ಮಕ್ಕಳನ್ನು ಎಬ್ಬಿಸಿಕೊಂಡು ಬೇವಿನ ಮರದ ಕೆಳಗೆ ಹೋಗುತ್ತಾರೆ. ಕರಿಹಲಗೆ ಗೋಡೆಗೆ ಕಟ್ಟಿದ್ದು, ಅದು ಬರುವುದಿಲ್ಲ. ಹಾಗಾಗಿ ಗಣಿತ ಬೆಳಿಗ್ಗೆ ತಗಡಿನ ಕೆಳಗೆ, ಉಳಿದದ್ದು ಮರದ ಕೆಳಗೆ. ಹಿಂದಿನ ವರ್ಷವಂತೂ ಬಿಸಿಗಾಳಿಗೆ ಶಾಲೆ ಬೇಗ ಬಿಟ್ಟು ಬಿಟ್ಟು, ಕೊನೆಗೆ ರಜೆಯೇ ಕೊಟ್ಟು, ವಿಜ್ಞಾನದ ಪುಸ್ತಕದ ಕೊನೆಯ ಪಾಠಗಳು ಹಾಗೇ ಉಳಿದವು. ಅದರ ಹಿಂದಿನ ವರ್ಷವೂ ಅಷ್ಟೇ. ಪಂಚಶೀಲಾಳಿಗೆ ಅದೊಂದು ಕೊರಗು. ಎ.ಸಿ. ಶಾಲೆಯಲ್ಲಿ ಜನವರಿಗೇ ಪುಸ್ತಕ ಮುಗಿದು, ಎರಡನೇ ಸಲ ಶುರು ಮಾಡುತ್ತಾರಂತೆ ಎಂದು ಎಲ್ಲೋ ಕೇಳಿಕೊಂಡು ಬಂದು, ಅಡುಗೆಮನೆಯಲ್ಲಿ ಅವ್ವನ ಮುಂದೆ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು.

ಈಗ ಆ ಶಾಲೆಯವರೇ ಈ ಊರಿನ ಏಳನೇ ತರಗತಿಯ ಒಂದು ಮಗುವಿಗೆ ಎಂಟರಿಂದ ಹನ್ನೆರಡರವರೆಗೆ ಪುಕ್ಕಟೆ ಸೀಟು ಕೊಡುತ್ತೇವೆಂದಿದ್ದರು. ಪರಿಮಳಾಳಿಗೆ ನಿದ್ದೆಯಲ್ಲೂ ಅದೇ. ಫರ್ಹತ ಟೀಚರು ಹೇಳಿದ್ದಿಷ್ಟು: ಅವರು ಮನೆಮನೆಗೆ ಬರುತ್ತಾರೆ, ಏನೇನು ಬಳಸುತ್ತೀರಿ ಎಂದು ಕೇಳುತ್ತಾರೆ, ಟ್ಯಾಬಿನಲ್ಲಿ ಮನೆಯ ಹೆಜ್ಜೆಯ ಚಿತ್ರ ಮೂಡುತ್ತದೆ, ಅದರ ಮೇಲೆ ಸೀಟು. ಇನ್ನಷ್ಟು ತಿಳಿದು ಹೇಳುತ್ತೇನೆ ಎಂದವರು ತರಬೇತಿಗೆಂದು ಯಾದಗಿರಿಗೆ ಹೋಗಿಬಿಟ್ಟರು.

ಇದು ರೇಷನ್ ಕಾರ್ಡಿನ ಲೆಕ್ಕವೋ ಹೆಣ್ಣು ನೋಡುವ ಲೆಕ್ಕವೋ ಎಂಬುದರ ಮೇಲೆ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಪರಿಮಳಾಳ ಗಂಡ ಅರುಣಕುಮಾರ ಕಡೇಚೂರಿನ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ ಮಾಡುವವನು. ಅಲ್ಲಿಯ ಸಾಹೇಬರ ಮಗುವನ್ನು ಅಂಥದೇ ಶಾಲೆಗೆ ಸೇರಿಸುವಾಗ ಕಾರು ಯಾವುದು, ಕಂಪ್ಯೂಟರ್ ಇದೆಯಾ ಎಂದು ತಂದೆತಾಯಿಯನ್ನೇ ಕೂರಿಸಿ ಕೇಳಿದ್ದರಂತೆ ಎಂದು ಅವನು ಹೇಳಿ ಟೆಂಪೋ ಹತ್ತಿ ಹೋದ. ಮರಿಲಿಂಗಮ್ಮನಿಗೆ ಅಷ್ಟು ಸಾಕಾಯಿತು.

"ಕಾರ್ಡಿಗಿ ಇದ್ದದ್ದು ಮುಚ್ಚಬೇಕು, ಸೀಟಿಗಿ ಇಲ್ಲದ್ದೂ ತೋರಿಸಬೇಕು," ಎಂದು ಅವಳು ತೀರ್ಪು ಕೊಟ್ಟಳು.

ಹೀಗೆ ಫ್ರಿಜ್ಜು ಬಂತು.

ಮನೆಗೆ ಬಂದದ್ದು ಕಲ್ಪನಾ ಎಂಬ ಹುಡುಗಿ ಮತ್ತು ಅವಳ ಇಬ್ಬರು ಗೆಳತಿಯರು. ಪಂಚಶೀಲಾಳದೇ ವಯಸ್ಸು. ತಲೆಗೆ ಟೊಪ್ಪಿಗೆ, ಕೈಯಲ್ಲಿ ಟ್ಯಾಬು. ಶಾಲೆಯ ಮುಖ್ಯಸ್ಥರಾದ ವಿಶ್ವರಾಧ್ಯ ಸರ್ ಬಸ್ಸಿನ ಹತ್ತಿರವೇ ಉಳಿದಿದ್ದರು. ಕಲ್ಪನಾ ಸೊಕ್ಕಿನ ಹುಡುಗಿಯಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದಳು, ಕೊಟ್ಟ ನೀರು ಕುಡಿದಳು, ಪ್ರತಿ ಪ್ರಶ್ನೆಗೂ ಆಂಟಿ ಎಂದು ಸೇರಿಸಿದಳು. ಫ್ರಿಜ್ ಇದೆಯಾ? ಪಂಚಶೀಲಾ ಬೆನ್ನನ್ನು ಇನ್ನೂ ಒತ್ತಿ ನಿಂತಳು. ಕೂಲರ್? ಅದು ಭರ್ರೆಂದು ತಾನೇ ಉತ್ತರ ಕೊಟ್ಟಿತು. ಗಾಡಿ? ಬಾಗಿಲಲ್ಲೇ ಇದೆ. ವಾರಕ್ಕೆ ಎಷ್ಟು ಸಲ ಹೊರಗೆ ಊಟ? ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚುವುದನ್ನು ನೆನೆಸಿಕೊಂಡು, ದಿನಾಲೂ ಎಂದಳು ಪರಿಮಳಾ. ಅದೊಂದೇ ಅವಳು ಸುಳ್ಳಿಲ್ಲದೆ ಕೊಟ್ಟ ಉತ್ತರ.

"ವಿಮಾನದಲ್ಲಿ ಹೋಗಿದೀರಾ ಆಂಟಿ?"

ಪರಿಮಳಾ ತಡವರಿಸಿದಳು. ಮರಿಲಿಂಗಮ್ಮ ತಡವರಿಸಲಿಲ್ಲ. "ಹೋಗೀವಲ್ಲ. ಹೈದರಾಬಾದಿಗಿ."

"ವರ್ಷಕ್ಕೆ ಎಷ್ಟು ಸಲ ಅಜ್ಜಿ?"

"ಹಬ್ಬಕ್ಕೊಮ್ಮಿ."

ಸೈದಾಪುರದ ಸ್ಟೇಷನ್ನಿನಿಂದ ಹೈದರಾಬಾದಿಗೆ ರೈಲಲ್ಲದೆ ಬೇರೇನೂ ಹೊರಡುವುದಿಲ್ಲ. ಆದರೆ ವಿಮಾನ ಎಲ್ಲಿಂದ ಹತ್ತಿದಿರಿ ಎಂಬ ಪ್ರಶ್ನೆ ಟ್ಯಾಬಿನಲ್ಲಿ ಇರಲಿಲ್ಲ. ಒಂದೊಂದು ಉತ್ತರಕ್ಕೂ ಪರದೆಯ ಮೇಲಿನ ಹೆಜ್ಜೆ ಉಬ್ಬುತ್ತಾ ಹೋಯಿತು. ಹಸಿರು ಇದ್ದದ್ದು ಹಳದಿಯಾಯಿತು, ವಿಮಾನ ಹತ್ತಿದೊಡನೆ ಕೆಂಪಾಯಿತು. ಕಲ್ಪನಾ ಹುಬ್ಬೇರಿಸಿ, ಊರಿನಲ್ಲೇ ನಿಮ್ಮದು ದೊಡ್ಡದು ಎಂದಳು. ಅವರು ಹೋದ ಮೇಲೆ ಮರಿಲಿಂಗಮ್ಮ ಓಣಿಯುದ್ದಕ್ಕೂ ನಡೆದು, ತಮ್ಮದು ಆನೆಯ ಹೆಜ್ಜೆಯಾಯಿತೆಂದು ಹೇಳಿ ಬಂದಳು. ಗೌಹರಬೇಗಂ ತಮ್ಮ ಫ್ರಿಜ್ಜು ಗೆದ್ದಂತೆಯೇ ಖುಷಿಪಟ್ಟು, ಸಂಜೆ ಅದನ್ನು ಹೊರಿಸಿಕೊಂಡು ಹೋದರು.

ಫರ್ಹತ ಟೀಚರು ತರಬೇತಿ ಮುಗಿಸಿ ಬಂದು ಸುದ್ದಿ ಕೇಳಿದವರು ಮೊದಲು ನಕ್ಕರು. ಆಮೇಲೆ ಪರಿಮಳಾಳ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಪರಿಮಳಾ, ಆ ಹೆಜ್ಜಿ ಎಷ್ಟು ದೊಡ್ಡದೋ ಅಷ್ಟು ಕೆಟ್ಟದ್ದು," ಎಂದರು.

ಕರೆಂಟು ಸುಟ್ಟಷ್ಟು, ಪೆಟ್ರೋಲು ಸುಟ್ಟಷ್ಟು, ವಿಮಾನ ಹಾರಿದಷ್ಟು ಹೊಗೆ ಮೇಲೆ ಹೋಗಿ ಸೇರುತ್ತದೆ. ಅದರಿಂದಲೇ ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಿರುವುದು. ಆ ಬಿಸಿಲಿನಲ್ಲಿ ಯಾವ ಮನೆಯ ಪಾಲು ಎಷ್ಟು ಎಂದು ತೋರಿಸುವುದೇ ಆ ಹೆಜ್ಜೆ. ಟೀಚರು ನಿಧಾನವಾಗಿ ಬಿಡಿಸಿ ಹೇಳಿದರು. ಪರಿಮಳಾ ಕಾಳು ಆರಿಸುವುದನ್ನು ನಿಲ್ಲಿಸಿ ಕೇಳಿದಳು. ಶಾಲೆಯ ತಗಡು ಟಕಟಕ ಎನ್ನುವುದು ಅವಳ ಕಿವಿಯಲ್ಲಿತ್ತು. ಅಂದರೆ ಆ ಸದ್ದಿಗೆ ಕಾರಣವಾದವರ ಸಾಲಿನಲ್ಲಿ ತನ್ನ ಮನೆಯನ್ನು ತಾನೇ ಮುಂದೆ ತಂದು ನಿಲ್ಲಿಸಿದ್ದಾಳೆ, ಅದೂ ಬೇರೆಯವರ ಫ್ರಿಜ್ಜು ತಂದು.

ಸೀಟಿನ ನಿಯಮವೂ ಬೇರೆಯಿತ್ತು. ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಲೆಕ್ಕ. ಅಂದು ಪ್ರತಿ ಮಗುವೂ ಎ.ಸಿ. ಶಾಲೆಯ ಸಭೆಯಲ್ಲಿ ನಿಂತು ಹೇಗೆ ಕಡಿಮೆ ಮಾಡಿದೆವೆಂದು ಹೇಳಬೇಕು. ಯಾರ ಮನೆಯ ಹೆಜ್ಜೆ ಎಲ್ಲರಿಗಿಂತ ಹೆಚ್ಚು ಕುಗ್ಗಿರುತ್ತದೋ, ಸೀಟು ಅವರಿಗೆ.

ಮರಿಲಿಂಗಮ್ಮನ ಮುಖ ಒಮ್ಮೆಲೇ ಅರಳಿತು. "ಕಡಿಮಿ ಆಗಿಬಿಟ್ಟದಲ್ಲ. ಫ್ರಿಜ್ ಅವತ್ತೇ ವಾಪಸ್ ಹೋತು, ಕೂಲರ್ ಹೋತು. ಇಮಾನ ನಾ ಇನ್ಮ್ಯಾಲೆ ಹತ್ತಂಗಿಲ್ಲ."

ಟೀಚರು ನಗು ತಡೆದುಕೊಂಡು ಪರಿಮಳಾಳ ಕಡೆ ನೋಡಿದರು. ತಾನು ಯಾರಿಗೂ ಏನೂ ಹೇಳುವುದಿಲ್ಲ, ಇದು ನಿಮಗೆ ಬಿಟ್ಟದ್ದು ಎಂದು ಎದ್ದು ಹೋದರು. ಬಿಟ್ಟದ್ದು ಎಂದವರು ಎದ್ದು ಹೋಗಬಹುದು, ಯಾರಿಗೆ ಬಿಟ್ಟರೋ ಅವರಿಗೆ ಎಲ್ಲಿಗೆ ಹೋಗಲೂ ಆಗುವುದಿಲ್ಲ.

ಆ ತಿಂಗಳಿಡೀ ಪಂಚಶೀಲಾ ಮಾತು ಬಾಯಿಪಾಠ ಮಾಡಿದಳು. ಅಜ್ಜಿಯೇ ಹೇಳಿಕೊಟ್ಟ ಮಾತು: ನಾವು ಫ್ರಿಜ್ ಬಿಟ್ಟೆವು, ಕೂಲರ್ ಬಿಟ್ಟೆವು, ವಿಮಾನ ಬಿಟ್ಟೆವು. ಪರಿಮಳಾ ರೊಟ್ಟಿ ಬಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಹುಡುಗಿಯ ದನಿ ಫ್ರಿಜ್ಜಿನ ತನಕ ಗಟ್ಟಿಯಾಗಿರುತ್ತಿತ್ತು, ಬಿಟ್ಟೆವು ಎನ್ನುವಾಗ ಇಳಿದುಬಿಡುತ್ತಿತ್ತು. ಒಂದು ಸಂಜೆ ಒಲೆಯ ಮುಂದೆ ಬಂದು ಕುಳಿತು ಕೇಳಿದಳು.

"ಯವ್ವಾ, ಇಲ್ಲದ್ದು ಬಿಟ್ಟೀವಿ ಅಂದ್ರ ಅದು ಸುಳ್ಳೇನು?"

"ರೊಟ್ಟಿ ಸೀಯಾಕತ್ತದ, ತಿರುವಿಹಾಕು," ಎಂದಳು ಪರಿಮಳಾ.

ರೊಟ್ಟಿ ಸೀಯುತ್ತಿರಲಿಲ್ಲ. ಇಬ್ಬರಿಗೂ ಕಾಣುತ್ತಿತ್ತು. ಆದರೂ ಪಂಚಶೀಲಾ ತಿರುವಿಹಾಕಿದಳು.

ಮಾರ್ಚ್ ಕೊನೆಯಲ್ಲಿ ಎ.ಸಿ. ಬಸ್ಸು ಊರಿಗೆ ಬಂದು ಏಳನೇ ತರಗತಿಯ ಮಕ್ಕಳನ್ನೂ ತಾಯಂದಿರನ್ನೂ ಹತ್ತಿಸಿಕೊಂಡಿತು. ಮರಿಲಿಂಗಮ್ಮ ಮುಂದಿನ ಸೀಟು ಹಿಡಿದು, ಕಿಟಕಿ ತೆರೆಯುವುದಿಲ್ಲ ಎಂಬುದನ್ನು ತಾನೇ ನೂಕಿ ನೋಡಿ ಖಾತ್ರಿ ಮಾಡಿಕೊಂಡಳು. ಬಸ್ಸಿಳಿದು ಸಭಾಂಗಣಕ್ಕೆ ಕಾಲಿಟ್ಟರೆ ಇನ್ನೂ ಥಂಡಿ. ಹೊರಗೆ ಬಿಸಿಲಿಗೆ ಡಾಂಬರು ಮೆತ್ತಗಾಗುತ್ತಿತ್ತು. ಒಳಗೆ ಊರಿನ ಮಕ್ಕಳು ತೊಳೆದು ತೊಳೆದು ತೆಳ್ಳಗಾದ ಸಮವಸ್ತ್ರದಲ್ಲಿ ಮೊಣಕೈ ಹಿಡಿದು ಕುಳಿತಿದ್ದವು. ಆ ಶಾಲೆಯ ಮಕ್ಕಳಿಗೆ ಸ್ವೆಟರುಗಳಿದ್ದವು. ಅದನ್ನು ನೋಡಿ ಪರಿಮಳಾಳಿಗೆ ಮೊದಲ ಬಾರಿಗೆ ಈ ಸೀಟಿನ ಬಗ್ಗೆ ಸಣ್ಣ ಹೆದರಿಕೆಯಾಯಿತು.

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಒಬ್ಬೊಬ್ಬರ ಹೆಜ್ಜೆ ಮೂಡುತ್ತಿತ್ತು. ಮೊದಲು ಆ ಶಾಲೆಯ ಮಕ್ಕಳು. ಗೆದ್ದರೆ ಅವರಿಗೆ ಸೀಟಿನ ಬದಲು ಟ್ರೋಫಿ. ಒಬ್ಬ ಹುಡುಗ, ತಮ್ಮ ಮೂರು ಕಾರುಗಳಲ್ಲಿ ಒಂದನ್ನು ಭಾನುವಾರ ಹೊರಗೆ ತೆಗೆಯುತ್ತಿಲ್ಲ ಎಂದ. ಪರದೆಯ ಕೆಂಪು ಹೆಜ್ಜೆ ಸ್ವಲ್ಪ ಕುಗ್ಗಿತು, ಚಪ್ಪಾಳೆ ಬಿತ್ತು. ಆಮೇಲೆ ಊರಿನ ಮಕ್ಕಳು. ಒಬ್ಬಳು, ಸಂಜೆ ಲೈಟು ತಡವಾಗಿ ಹಾಕುತ್ತೇವೆಂದಳು. ಎಷ್ಟು ಲೈಟಿವೆ ಎಂದು ವಿಶ್ವರಾಧ್ಯ ಸರ್ ಕೇಳಿದರು. ಒಂದು. ಪರದೆಯ ಮೇಲಿನ ಪುಟ್ಟ ಹಸಿರು ಹೆಜ್ಜೆ ಇದ್ದಲ್ಲೇ ಇತ್ತು. ಇನ್ನೊಬ್ಬಳು ಪ್ಲಾಸ್ಟಿಕ್ ಚೀಲ ಬಿಟ್ಟೆವೆಂದಳು. ಅದೂ ಕದಲಲಿಲ್ಲ. ಮಗುವಿನ ನಂತರ ಮಗು ಬಂತು, ತಮ್ಮಲ್ಲಿದ್ದದ್ದರಲ್ಲಿ ಏನೋ ಒಂದನ್ನು ಹುಡುಕಿ ಹೇಳಿತು, ಹೆಜ್ಜೆ ಅಲುಗದ್ದನ್ನು ನೋಡಿ ಮುಖ ಸಣ್ಣ ಮಾಡಿಕೊಂಡು ಇಳಿಯಿತು. ಚಪ್ಪಾಳೆ ಹೊಡೆಯುವವರು ಮರ್ಯಾದೆಗೆ ಹೊಡೆದರು.

ಪರಿಮಳಾ ಅದನ್ನೇ ನೋಡುತ್ತಾ ಕುಳಿತಿದ್ದಳು. ಇವರೆಲ್ಲ ಪಂಚಶೀಲಾಳ ಜೊತೆ ಅದೇ ತಗಡಿನ ಕೆಳಗೆ ಕುಳಿತ ಮಕ್ಕಳು. ಇವರ ಹೆಜ್ಜೆ ಕುಗ್ಗುವುದಿಲ್ಲ. ಕುಗ್ಗುವಷ್ಟು ಇರಲೇ ಇಲ್ಲ. ಈಗ ತನ್ನ ಮಗಳು ಹೋಗಿ ನಿಂತರೆ ಒಂದೇ ಏಟಿಗೆ ಕುಗ್ಗುತ್ತದೆ, ಸುಳ್ಳಿನಿಂದ ಉಬ್ಬಿಸಿಟ್ಟದ್ದರಿಂದ.

ಪಂಚಶೀಲಾಳ ಹೆಸರು ಕೂಗಿದರು. ಅವಳು ಹೋಗಿ ಮೈಕಿನ ಮುಂದೆ ನಿಂತಳು. ಹಿಂದೆ ಕೆಂಪು ಹೆಜ್ಜೆ ಗೋಡೆ ತುಂಬಾ ಮೂಡಿತು.

"ನಾವು ಫ್ರಿ..." ಎಂದು ನಿಂತಳು. ಹಲ್ಲು ಕಟಕಟ ಎನ್ನುವುದು ಮೈಕಿನಲ್ಲಿ ಕೇಳಿಸಿತು. ಇನ್ನೊಮ್ಮೆ ಶುರು ಮಾಡಿದಳು, ಇನ್ನೊಮ್ಮೆ ಅಲ್ಲೇ ನಿಂತಳು. ಚಳಿಗೋ ಮಾತಿಗೋ ಅವಳಿಗೇ ತಿಳಿಯುತ್ತಿರಲಿಲ್ಲವೇನೋ.

ಪರಿಮಳಾ ಎದ್ದು ಹೋದದ್ದು ಯಾವ ಆಲೋಚನೆಯಿಂದಲೂ ಅಲ್ಲ. ಮಗು ನಡುಗುತ್ತಿತ್ತು, ಅವಳ ಹತ್ತಿರ ಸೆರಗಿತ್ತು. ಮೆಟ್ಟಿಲೇರಿ ಮಗಳ ಭುಜದ ಸುತ್ತ ಸೆರಗು ಎಳೆದು, ಅವಳ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು. ಆ ಕಿವಿಯ ಪಕ್ಕದಲ್ಲೇ ಮೈಕಿದೆ ಎಂಬುದು ಅವಳ ಗಮನಕ್ಕೆ ಬರಲಿಲ್ಲ.

"ಫ್ರಿಜ್ ಬೇಗಂ ಅವ್ರದು ಅಂತ ಹೇಳಿಬಿಡು ಕೂಸ. ಸೀಟ್ ಹೋದ್ರ ಹೋಗಲಿ. ನಿನಗ ಥಂಡಿ ಹತ್ತ್ಯಾದ, ಮನಿಗಿ ಹೋಗೂಣು."

ಆ ಪಿಸುಮಾತು ನಾಲ್ಕೂ ಮೂಲೆಯ ಸ್ಪೀಕರಿನಿಂದ ಹೊರಬಂದು ಇಡೀ ಸಭೆಯ ಮೇಲೆ ಬಿತ್ತು. ಆಮೇಲೆ ಹಿಂದಿನ ಸಾಲಿನಿಂದ, ಇನ್ನು ಮುಚ್ಚಿಟ್ಟು ಉಪಯೋಗವಿಲ್ಲವೆಂದುಕೊಂಡ ಮರಿಲಿಂಗಮ್ಮನ ದನಿ ಬಂತು: "ಕೂಲರ್ ಹಂಪಣ್ಣಂದ್ರಿ."

ಸಭೆ ನಕ್ಕಿತು. ಮಕ್ಕಳು ಬೆಂಚು ಬಡಿದು ನಕ್ಕರು. ಕಲ್ಪನಾ ಮಾತ್ರ ನಗದೆ ವೇದಿಕೆಯ ಬದಿಯಲ್ಲಿ ಟ್ಯಾಬು ತೆಗೆದು, ಒಂದೊಂದನ್ನೇ ಅಳಿಸತೊಡಗಿದಳು. ಫ್ರಿಜ್ ಹೋಯಿತು, ಕೂಲರ್ ಹೋಯಿತು. ಬೈಕ್ ಯಾರದು ಎಂದು ಕೇಳಿ ಅದನ್ನೂ ತೆಗೆದಳು. ವಿಮಾನಕ್ಕೆ ಬಂದಾಗ ಮರಿಲಿಂಗಮ್ಮನ ಕಡೆ ನೋಡಿದಳು. ಅಜ್ಜಿ ಕೈಯಲ್ಲೇ ಇಲ್ಲವೆಂದಳು. ಗೋಡೆಯಷ್ಟಿದ್ದ ಹೆಜ್ಜೆ ಕುಗ್ಗಿ ಕುಗ್ಗಿ, ಹಿಂದೆ ಕುಳಿತ ಮಕ್ಕಳು ಎದ್ದು ನಿಂತು ಎಲ್ಲಿದೆ ಎಂದು ಹುಡುಕುವಂತಾಯಿತು.

ವಿಶ್ವರಾಧ್ಯ ಸರ್ ಕೆಟ್ಟವರಲ್ಲ, ನಿಯಮದವರು. ನಗು ಅಡಗುವ ತನಕ ಕಾದು, ಹಾಗಾದರೆ ನಿಮ್ಮ ಮನೆಯಲ್ಲಿ ಏನೂ ಕಡಿಮೆಯಾದಂತಾಗಲಿಲ್ಲವಲ್ಲಮ್ಮ, ನಿಯಮದ ಪ್ರಕಾರ ಸೀಟು ಕೊಡಲು ಬರುವುದಿಲ್ಲ ಎಂದರು.

ಪರಿಮಳಾ ಮಗಳ ಭುಜದ ಮೇಲಿನ ಕೈ ತೆಗೆಯದೆ ಹೇಳಿದಳು. ಮೈಕು ಇನ್ನೂ ಅಲ್ಲೇ ಇತ್ತು.

"ಸುಳ್ಳು ಹೇಳಿದ್ದು ತಪ್ಪು ಅದ್ರಿ ಸರ. ಆದ್ರ ಕಡಿಮಿ ಮಾಡೋದು ಇದ್ದವ್ರಿಗಿ ಬರ್ತದ. ನಮ್ಮ ಮಕ್ಕಳ ಮನ್ಯಾಗ ಏನದ ಅಂತ ಕಡಿಮಿ ಮಾಡಬೇಕು? ಆ ಹೊಗಿಯೊಳಗ ನಮ್ಮ ಪಾಲು ಇರಿವಿ ಹೆಜ್ಜಿಯಷ್ಟು ಅಂತ ನಿಮ್ಮ ಗ್ವಾಡೀನೇ ತೋರಿಸಾಕತ್ತದ. ಕಾಯೋ ತಗಡ ಮಾತ್ರ ಪೂರಾ ನಮ್ಮ ಮಕ್ಕಳ ತಲಿ ಮ್ಯಾಲದ."

ಅವಳು ಜಗಳದ ದನಿಯಲ್ಲಿ ಹೇಳಲಿಲ್ಲ. ತರಕಾರಿಯವನಿಗೆ ನಿನ್ನೆಯ ಬದನೆ ಹುಳುಕಿತ್ತು ಎಂದು ಹೇಳುವ ದನಿ ಅದು. ವಿಶ್ವರಾಧ್ಯ ಸರ್ ಪರದೆಯ ಕಡೆ ನೋಡಿದರು. ಕೊನೆಗೆ, ಹಾಗಿದ್ದರೆ ಎಲ್ಲರಿಗೂ ಒಂದು ಪರೀಕ್ಷೆ ಇಡೋಣ, ಚೆನ್ನಾಗಿ ಬರೆದವರಿಗೆ ಸೀಟು, ಮುಂದಿನ ಭಾನುವಾರ ಇದೇ ಸಭಾಂಗಣದಲ್ಲಿ ಎಂದರು.

"ಇಲ್ಲಿ ಬ್ಯಾಡ್ರಿ," ಎಂದಳು ಪರಿಮಳಾ. "ಇಲ್ಲಿ ನಮ್ಮ ಮಕ್ಕಳ ಬೆರಳ ಸೆಟೀತಾವ. ನಮ್ಮ ಸಾಲ್ಯಾಗ ಬರೆಸ್ರಿ."

ಇಡೀ ಸಭೆ ನೋಡುತ್ತಿತ್ತು. ಸರ್ ಒಪ್ಪಿದರು.

ಭಾನುವಾರ ಅವರೇ ಪ್ರಶ್ನೆಪತ್ರಿಕೆ ಹಿಡಿದು ಬಂದರು. ಕಲ್ಪನಾಳೂ ಹಟಮಾಡಿ ಬಂದಿದ್ದಳು. ಹೊರಡುವುದು ತಡವಾಗಿ ಪರೀಕ್ಷೆ ಶುರುವಾಗುವಾಗ ಬಿಸಿಲು ನೆತ್ತಿಗೇರುತ್ತಿತ್ತು. ಫರ್ಹತ ಟೀಚರು ಮರದ ಕೆಳಗೆ ಕೂರಿಸೋಣವೇ ಎಂದು ಕೇಳಿದರು. ಪರೀಕ್ಷೆಯೆಂದರೆ ಕೋಣೆಯಲ್ಲೇ ಆಗಬೇಕು ಎಂದರು ಸರ್. ಟೀಚರು ಸರಿಯೆಂದು ಮಕ್ಕಳನ್ನು ಒಳಗೆ ಕೂರಿಸಿದರು.

ಮಕ್ಕಳು ತಮಗಿದು ಹೊಸದೇನೂ ಅಲ್ಲ ಎನ್ನುವ ಹಾಗೆ ಹಣೆಗೆ ಕರ್ಚೀಫು ಕಟ್ಟಿಕೊಂಡು, ಬೆವರು ಹಾಳೆಗೆ ಬೀಳದಂತೆ ಮೊಣಕೈ ಕೆಳಗೆ ಹಳೆಯ ಪೇಪರು ಇಟ್ಟುಕೊಂಡು ಬರೆಯತೊಡಗಿದರು. ತಗಡು ಟಕಟಕ ಎಂದಿತು. ಸರ್ ಮೇಲೆ ನೋಡಿದರು. ಇನ್ನೊಮ್ಮೆ ಎಂದಿತು. ಸರ್ ಕಾಲರಿನ ಗುಂಡಿ ಬಿಚ್ಚಿದರು. ಸಮಯ ನೋಡಿಕೊಳ್ಳಲು ಮೇಜಿನ ಮೇಲಿಟ್ಟ ಟ್ಯಾಬಿನ ಪರದೆ ಇದ್ದಕ್ಕಿದ್ದಂತೆ ಕಪ್ಪಾಗಿ, ಅದರ ಮೇಲೆ ಏನೋ ಬರಹ ಮೂಡಿತು. ಕಲ್ಪನಾ ಬಗ್ಗಿ ಓದಿ, ಸರ್, ಇಲ್ಲಿ ತುಂಬಾ ಸೆಕೆಯಂತೆ, ತಂಪಾಗೋವರೆಗೆ ಕೆಲಸ ಮಾಡಲ್ಲವಂತೆ ಎಂದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ತಲೆಯೆತ್ತದೆ ನಕ್ಕಳು, ಬರೆಯುವುದನ್ನು ಮುಂದುವರಿಸಿದಳು.

ಅರ್ಧ ಪರೀಕ್ಷೆಯಾಗುವಷ್ಟರಲ್ಲಿ ಸರ್ ಬೆನ್ನಿಗಂಟಿದ ಅಂಗಿಯಲ್ಲೇ ಹೊರಗೆ ಬಂದರು. ಬೇವಿನ ಮರದ ಕೆಳಗೆ ತಾಯಂದಿರಿದ್ದರು. ಮರಿಲಿಂಗಮ್ಮ ತಂಬಿಗೆಯಲ್ಲಿ ಮಜ್ಜಿಗೆ ಕೊಟ್ಟಳು. ಅವರು ಒಂದು ತಂಬಿಗೆ ಕುಡಿದು ಇನ್ನೊಂದು ಕೇಳಿ ಕುಡಿದರು.

"ಫ್ರಿಜ್ಜಿಂದಲ್ರಿ, ಗಡಿಗಿದು," ಎಂದಳು ಮರಿಲಿಂಗಮ್ಮ. "ಗಡಿಗಿ ನಮ್ದೇ."

ಸರ್ ನಕ್ಕರು. ಆಮೇಲೆ ತಗಡಿನ ಕಡೆ ನೋಡಿದರು. ಇಲ್ಲಿ ಹೇಗೆ ಪಾಠ ಮಾಡುತ್ತೀರಿ ಎಂದು ಫರ್ಹತ ಟೀಚರನ್ನು ಕೇಳಿದ್ದಕ್ಕೆ ಅವರು, ಮಾಡುವುದಿಲ್ಲ ಸರ್, ಎದ್ದು ಇಲ್ಲಿಗೆ ಬರುತ್ತೇವೆ, ಪುಸ್ತಕ ಅರ್ಧಕ್ಕೆ ನಿಲ್ಲುತ್ತದೆ ಎಂದರು.

ಅದಾಗಿ ಸ್ವಲ್ಪ ದಿನಕ್ಕೆ ಟೀಚರು ಸುದ್ದಿ ತಂದರು. ಪರಿಮಳಾ ಪಾತ್ರೆ ತಿಕ್ಕುತ್ತಿದ್ದಳು. ಸೀಟು ಪಂಚಶೀಲಾಳಿಗೆ ಬಂದಿತ್ತು. ವಿಜ್ಞಾನದ ಪತ್ರಿಕೆಯಲ್ಲಿ ಕೊನೆಯ ಪಾಠದಿಂದ ಬಂದ ಪ್ರಶ್ನೆಗೆ ಉತ್ತರ ಬರೆದವಳು ಅವಳೊಬ್ಬಳೇ. ಯಾರೂ ಹೇಳಿಕೊಡದ ಆ ಪಾಠವನ್ನು ತಾನೇ ಓದಿಕೊಂಡಿದ್ದಳು. ಪರಿಮಳಾ ಬೂದಿ ಕೈಯಲ್ಲೇ ಮಗಳ ಕೆನ್ನೆ ಹಿಡಿದಳು. ಇಬ್ಬರ ಮುಖಕ್ಕೂ ಬೂದಿಯಾಯಿತು. ಸ್ವಲ್ಪ ಹೊತ್ತಾದ ಮೇಲೆ, ಉಳಿದ ಮಕ್ಕಳದು ಹೇಗೆ ಎಂದು ಕೇಳಿದಳು. ತಗಡಿನ ಕೆಳಗೆ ಸೀಲಿಂಗ್ ಹಾಕಿಸಿಕೊಡುವ ಮಾತಾಡಿದ್ದಾರೆ ಸರ್ ಎಂದರು ಟೀಚರು.

"ಬಂದಾಗ ಖರೆ," ಎಂದೂ ಸೇರಿಸಿದರು.

ಮೇ ತಿಂಗಳ ಮಟಮಟ ಮಧ್ಯಾಹ್ನ ಪರಿಮಳಾ ಬೇವಿನ ನೆರಳಲ್ಲಿ ಕುಳಿತು ಸ್ವೆಟರಿನಂಥದೊಂದು ಹೊಲಿಯುತ್ತಿದ್ದಳು. ಉಣ್ಣೆ ಹೆಣೆಯಲು ಅವಳಿಗೆ ಬಾರದು, ಕೌದಿ ಹೊಲಿಯಲು ಬರುತ್ತದೆ. ಹಳೆಯ ಸೀರೆಗಳನ್ನು ನಾಲ್ಕು ಪದರ ಮಾಡಿ, ತೋಳಿಟ್ಟು, ಗುಂಡಿಯಿಟ್ಟು, ಕೌದಿಯನ್ನೇ ಅಂಗಿ ಮಾಡಿದ್ದಳು. ಹೋಗಿ ಬರುವವರೆಲ್ಲ ನಿಂತು ನೋಡಿ, ಈ ಬಿಸಿಲಿಗೆ ನಿನಗೆ ತಲೆ ತಿರುಗಿದೆಯೇ ಎಂದು ಕೇಳಿ ಹೋಗುತ್ತಿದ್ದರು. ಪಂಚಶೀಲಾ ಒಮ್ಮೆ ತೊಟ್ಟು ತೋರಿಸಿ, ಅರ್ಧ ನಿಮಿಷಕ್ಕೆ ಬೆವೆತು, ಕಿತ್ತೆಸೆದು ಓಡಿದ್ದಳು.

ಗೌಹರಬೇಗಂ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಐದನೆಯ ತರಗತಿಯ ಆ ಹುಡುಗಿ ಇನ್ನೆರಡು ವರ್ಷಕ್ಕೆ ಅದೇ ತಗಡಿನ ಕೋಣೆಗೆ ಬರುವವಳು. ಸೀಲಿಂಗ್ ಇನ್ನೂ ಬಂದಿರಲಿಲ್ಲ.

"ಫ್ರಿಜ್ಜಿನಾಗ ಕುಂತು ಓದಾಕ ಹೊಂಟಾಳ ನಿನ್ನ ಮಗಳು," ಎಂದರು ಬೇಗಂ, ಕೌದಿಯಂಗಿಯ ದಪ್ಪ ಬೆರಳಲ್ಲಿ ಹಿಡಿದು ನೋಡುತ್ತಾ. "ನಮ್ಮ ಹುಡುಗಿ ಪಾಳಿ ಬಂದಾಗ ನಿಮ್ಮ ಮನಿಯಿಂದ ಏನ್ ಕೊಡ್ತಿ ಹೇಳು."

ಪರಿಮಳಾ ಹಲ್ಲಿನಿಂದ ದಾರ ಕಡಿದಳು. ಎದುರಿಗಿದ್ದ ಹುಡುಗಿಯ ಭುಜಕ್ಕೆ ಅಂಗಿ ಹಿಡಿದು ಅಳತೆ ನೋಡಿದಳು.

"ಇದನ್ನೇ ಕೊಡ್ತೀನ್ರಿ. ಅದಕ್ಕೇ ಒಂದೀಟು ದೊಡ್ಡದೇ ಹೊಲದೀನಿ," ಎಂದಳು.